ಆನ್‌ಲೈನ್ ಕಿರುಕುಳ, ನೋಡುಗರು ಮತ್ತು ವಿದ್ಯಾರ್ಥಿ ನಾಯಕತ್ವ: ಅಧ್ಯಯನ ಟಿಪ್ಪಣಿ

ಮಾನಸಿಕ ಸ್ವಾಸ್ಥ್ಯ, ಆನ್‌ಲೈನ್ ಸುರಕ್ಷತೆ, ನಾಯಕತ್ವ ಈ ಮೂರನ್ನೂ ಬೇರೆ ಬೇರೆಯಾಗಿ ಓದಿದರೆ ಹೆಚ್ಚು ದಿನ ನೆನಪಿನಲ್ಲಿ ಉಳಿಯುವುದಿಲ್ಲ. ಕಿರುಕುಳ ಎಂಬ ಒಂದೇ ವಿಷಯವನ್ನು ಬೆನ್ನುಹತ್ತಿ ಹೋದರೆ ಮೂರೂ ಒಂದೆಡೆ ಸೇರುತ್ತವೆ. ಆದ್ದರಿಂದ ಟಿಪ್ಪಣಿಯನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಕಿರುಕುಳವನ್ನು ಗುರುತಿಸುವುದು ಹೇಗೆ?

ನಾರ್ವೆಯಲ್ಲಿ ಸಂಶೋಧನೆ ನಡೆಸಿದ ಡಾನ್ ಓಲ್ವೇಯಸ್ ಮೂರು ಲಕ್ಷಣಗಳನ್ನು ಹೇಳುತ್ತಾರೆ: ಬೇಕೆಂದೇ ನೋಯಿಸುವುದು, ಅದನ್ನು ಮತ್ತೆ ಮತ್ತೆ ಮಾಡುವುದು, ಇಬ್ಬರ ನಡುವೆ ಬಲದ ಅಂತರ ಇರುವುದು. ಸಮಬಲರ ನಡುವಿನ ಒಂದು ದಿನದ ಜಗಳ ಇದರೊಳಗೆ ಬರುವುದಿಲ್ಲ.

ಆನ್‌ಲೈನ್‌ನಲ್ಲಿ ಎರಡನೆಯ ಲಕ್ಷಣದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಒಬ್ಬ ವಿದ್ಯಾರ್ಥಿ ಸಹಪಾಠಿಯ ಅವಮಾನಕರ ಫೋಟೊವನ್ನು ಒಂದೇ ಸಲ ತರಗತಿಯ ಗುಂಪಿಗೆ ಹಾಕಿದ ಎಂದುಕೊಳ್ಳಿ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ನೋಡಿದವರು ನಗುವ ಚಿಹ್ನೆ ಒತ್ತುತ್ತಾರೆ, ಬೇರೆ ಗುಂಪಿಗೆ ಕಳುಹಿಸುತ್ತಾರೆ, ವಾರದ ಬಳಿಕ ಯಾರೋ ಮತ್ತೆ ಎತ್ತಿ ಹಾಕುತ್ತಾರೆ. ಇಲ್ಲಿ ಕಿರುಕುಳವನ್ನು ಮರುಕಳಿಸುವವರು ನೋಡುಗರೇ. ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಇದು.

ಸ್ವಾಸ್ಥ್ಯದ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಶಾಲೆಯ ಗಂಟೆ ಬಾರಿಸಿದ ಮೇಲೂ ಫೋನ್ ಸದ್ದು ಮಾಡುತ್ತಲೇ ಇರುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ ಹೇಳುತ್ತದೆ. ಯಾರು ಏನು ಬರೆದಿದ್ದಾರೋ ಎಂದು ನಡುರಾತ್ರಿ ಪರದೆ ನೋಡುವ ಮಗು ಮೊದಲು ಕಳೆದುಕೊಳ್ಳುವುದು ಈ ನಿದ್ರೆಯನ್ನೇ.

ನೋಡುಗರಲ್ಲಿ ಎಷ್ಟು ಬಗೆ?

ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಆರು ಪಾತ್ರಗಳನ್ನು ಗುರುತಿಸಿದರು: ಕಿರುಕುಳ ಕೊಡುವವರು, ಅವರ ಸಹಾಯಕರು, ನಕ್ಕು ಹುರಿದುಂಬಿಸುವವರು, ದೂರ ಉಳಿಯುವವರು, ಬಲಿಯಾದವರ ಪರ ನಿಲ್ಲುವವರು ಮತ್ತು ಬಲಿಯಾದವರು. ಆ ದೇಶದ ಶಾಲೆಗಳಲ್ಲಿ ಕಿರುಕುಳ ತಡೆಯಲು ರೂಪಿಸಿದ ‘ಕಿವಾ’ ಕಾರ್ಯಕ್ರಮ ಇದೇ ತಿಳುವಳಿಕೆಯ ಮೇಲೆ ನಿಂತಿದೆ. ಕಿರುಕುಳ ಕೊಡುವವರನ್ನು ಬದಲಿಸುವುದು ಕಷ್ಟ. ಅವರಿಗೆ ಸಿಗುವ ಚಪ್ಪಾಳೆಯನ್ನು ನಿಲ್ಲಿಸುವುದು ಅದಕ್ಕಿಂತ ಸುಲಭ.

ಹಾಗಾದರೆ ನಾಯಕರು ಯಾರು?

ಅಮೆರಿಕದ ನ್ಯೂಜೆರ್ಸಿಯ 56 ಶಾಲೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ತಪ್ಪದೇ ಓದಿ. ಎಲಿಜಬೆತ್ ಪಾಲಕ್ ಮತ್ತು ಸಂಗಡಿಗರು ಮೊದಲು ಯಾರು ಯಾರೊಂದಿಗೆ ಹೆಚ್ಚು ಸಮಯ ಕಳೆಯುತ್ತಾರೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ ಸ್ನೇಹದ ಜಾಲವನ್ನು ಗುರುತಿಸಿದರು. ಆಮೇಲೆ ಕೆಲವು ಶಾಲೆಗಳಲ್ಲಿ 20ರಿಂದ 32 ವಿದ್ಯಾರ್ಥಿಗಳ ಗುಂಪು ರಚಿಸಿ, ಜಗಳ ಮತ್ತು ಕಿರುಕುಳದ ವಿರುದ್ಧ ಬಹಿರಂಗವಾಗಿ ನಿಲ್ಲಲು ಪ್ರೋತ್ಸಾಹಿಸಿದರು. ಒಂದು ವರ್ಷದಲ್ಲಿ ಆ ಶಾಲೆಗಳ ಶಿಸ್ತು ದೂರುಗಳು ಉಳಿದ ಶಾಲೆಗಳಿಗಿಂತ ಶೇ. 30ರಷ್ಟು ಕಡಿಮೆಯಾದವು. ಹೆಚ್ಚು ಸಂಪರ್ಕವುಳ್ಳ ವಿದ್ಯಾರ್ಥಿಗಳು ಗುಂಪಿನಲ್ಲಿ ಎಷ್ಟು ಹೆಚ್ಚಿದ್ದರೋ ಪರಿಣಾಮವೂ ಅಷ್ಟು ಗಾಢವಾಗಿತ್ತು. ಒಳ್ಳೆಯ ಅಂಕ ಪಡೆಯುವವರನ್ನೇ ಆರಿಸಿ ಬಿಲ್ಲೆ ತೊಡಿಸುವ ಶಾಲೆಗಳು ಇದನ್ನು ಗಮನಿಸಬೇಕು. ಹಿಂದಿನ ಬೆಂಚಿನಲ್ಲಿ ಕೂತವಳ ಒಂದು ಮಾತಿಗೆ ಇಡೀ ತರಗತಿ ಕಿವಿಗೊಡುತ್ತಿದ್ದರೆ ಆ ಗುಂಪಿನಲ್ಲಿ ಅವಳೂ ಇರಬೇಕು.

ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ವಿವರಿಸಿದ, ಮಕ್ಕಳ ಭಾಗವಹಿಸುವಿಕೆಯನ್ನು ಅಳೆಯುವ ಎಂಟು ಮೆಟ್ಟಿಲುಗಳ ಏಣಿಯನ್ನು ಇದರ ಜೊತೆಗೆ ಓದಿಕೊಳ್ಳಿ. ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ತೋರಿಕೆಗೆ ಅಭಿಪ್ರಾಯ ಕೇಳುವುದು ಕೆಳಗಿನ ಮೂರು ಮೆಟ್ಟಿಲುಗಳು. ಇವು ಭಾಗವಹಿಸುವಿಕೆಯೇ ಅಲ್ಲ ಎನ್ನುತ್ತಾರೆ ಹಾರ್ಟ್. ಫೋನ್ ಬಳಕೆಯ ನಿಯಮ ಬರೆದು ಮುಗಿಸಿದ ಮೇಲೆ ವಿದ್ಯಾರ್ಥಿ ಪರಿಷತ್ತಿನ ಸಹಿ ಹಾಕಿಸುವುದು ಇಂಥದ್ದೇ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವುದು ಮಕ್ಕಳ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ.

ವಿದ್ಯಾರ್ಥಿ ನಾಯಕರ ಮಿತಿ

ಗೆಳೆಯರು ಕಷ್ಟ ಹೇಳಿಕೊಂಡಾಗ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಯಾರಾದರೂ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಮಾತಾಡಿದರೆ ನಂಬಿಕಸ್ಥ ಹಿರಿಯರಿಗೆ ಕೂಡಲೇ ತಿಳಿಸಬೇಕು. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಸರಿ. ಆದರೆ ಖಾಸಗಿ ನಗ್ನ ಚಿತ್ರಗಳಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಸಾಕ್ಷ್ಯಕ್ಕೆಂದು ಕೂಡ ಅವುಗಳ ಪ್ರತಿ ಮಾಡಬಾರದು, ಶಿಕ್ಷಕರಿಗೂ ಕಳುಹಿಸಬಾರದು. ಇಂಥ ಚಿತ್ರ ತೋರಿಸಿ ಹಣಕ್ಕಾಗಿ ಬೆದರಿಸಿದರೆ ಹಣ ಕೊಡಬೇಡಿ. ಕೊಟ್ಟ ಮೇಲೂ ಬೇಡಿಕೆ ನಿಲ್ಲುವ ಭರವಸೆಯಿಲ್ಲ.

18 ವರ್ಷ ತುಂಬುವ ಮೊದಲು ತೆಗೆದ ಇಂಥ ಚಿತ್ರಗಳಿಗಾಗಿ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರ ನಮ್ಮ ಫೋನಿನಲ್ಲೇ ಉಳಿಯುತ್ತದೆ; ಅದರಿಂದ ತಯಾರಾದ ಅಂಕಿ ಅಕ್ಷರಗಳ ಗುರುತು ಮಾತ್ರ ಅಲ್ಲಿಗೆ ಹೋಗುತ್ತದೆ. ಸೇವೆಗೆ ಕೈಜೋಡಿಸಿದ ವೇದಿಕೆಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯಬಲ್ಲವು. ಗೂಢಲಿಪೀಕರಣಗೊಂಡ, ಅಂದರೆ ಸದಸ್ಯರ ಹೊರತು ಬೇರೆ ಯಾರೂ ಸಂದೇಶ ಓದಲಾಗದ ಖಾಸಗಿ ಗುಂಪುಗಳೊಳಗೆ ಈ ಹುಡುಕಾಟ ನಡೆಯದು. ಅಲ್ಲಿ ಚಿತ್ರ ಹರಡುತ್ತಿರುವುದು ಗುಂಪಿನ ಸದಸ್ಯರಿಗೆ ಮಾತ್ರ ಕಾಣುತ್ತದೆ; ದೂರು ಕೊಡಬೇಕಾದವರೂ ಅವರೇ.