ಕಡೆಯ ಅರ್ಧ ಲೀಟರು

ವಾರಕ್ಕೆ ನಾಲ್ಕು ಸಲವಾದರೂ ಈ ಫೋನು ಬರುತ್ತದೆ. "ಸಾರ್, ದಿನಕ್ಕೆ ಮೂರು ಸಲ ಕರೆದರೆ ಹಾಲು ಹೆಚ್ಚುತ್ತದಂತೆ. ಶುರು ಮಾಡಲೇ?" ಎಲ್ಲೋ ಒಂದು ವಿಡಿಯೊ ನೋಡಿರುತ್ತಾರೆ. "ಈಗ ಕರೆಯುವ ಎರಡು ಸಲ ಪೂರ್ತಿ ಕರೆಯುತ್ತೀರಾ?" ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಡೇರಿಗೆ ಹೊತ್ತಾಗುತ್ತದೆ ಸಾರ್, ಒಂದಿಷ್ಟು ಕೆಚ್ಚಲಲ್ಲೇ ಬಿಟ್ಟಿರುತ್ತೇವೆ. ಅದೆಲ್ಲಿ ಹೋಗುತ್ತದೆ, ಸಂಜೆಗೆ ಸಿಕ್ಕೇ ಸಿಗುತ್ತದಲ್ಲ."

ಪಶುವೈದ್ಯನಾಗಿ ನನ್ನನ್ನು ಅತಿ ಹೆಚ್ಚು ರೇಗಿಸಿದ ಮಾತು ಇದೇ. ಸಿಗುವುದಿಲ್ಲ ಸ್ವಾಮಿ.

ಕೆಚ್ಚಲು ಕೊಡವಲ್ಲ. ಅದರೊಳಗೆ ದ್ರಾಕ್ಷಿ ಗೊಂಚಲಿನಂತೆ ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಿವೆ. ಹಾಲು ಹಗಲೂ ರಾತ್ರಿ ಅಲ್ಲಿ ಊರುತ್ತಲೇ ಇರುತ್ತದೆ. ಗೂಡು ತುಂಬಿದಂತೆ ಒಳಗೆ ಒತ್ತಡ ಏರುತ್ತದೆ. ಸಾಲದ್ದಕ್ಕೆ ನಿಂತ ಹಾಲಿನಲ್ಲಿರುವ ಅಂಶವೇ 'ಸಾಕು, ನಿಧಾನಿಸು' ಎಂದು ಹಾಲು ಮಾಡುವ ಕೋಶಗಳಿಗೆ ಹೇಳುತ್ತದೆ. ಬೆಳಿಗ್ಗೆ ಅರ್ಧ ಲೀಟರು ಬಿಟ್ಟರೆ ಸಂಜೆಗೆ ಅದರ ಮೇಲೆ ಊರುವ ಹಾಲು ಕಡಿಮೆಯಾಗುತ್ತದೆ. ದಿನವೂ ಹೀಗಾದರೆ ಕೋಶಗಳು ಕೆಲಸ ಬಿಡುತ್ತಾ ಬರುತ್ತವೆ, ಆ ಸೂಲಿನಲ್ಲಿ ಹಾಲು ಮತ್ತೆ ಮೊದಲಿನ ಮಟ್ಟಕ್ಕೆ ಏರುವುದು ಕಷ್ಟ. ನಂಬಿಕೆ ಬರದಿದ್ದರೆ ನಿಮ್ಮ ಕೊಟ್ಟಿಗೆಯನ್ನೇ ನೆನೆಸಿಕೊಳ್ಳಿ. ಗಬ್ಬದ ಹಸು ಈಯಲು ಎರಡು ತಿಂಗಳಿರುವಾಗ ಹಾಲು ಬತ್ತಿಸಲು ಏನು ಮಾಡುತ್ತೀರಿ? ಕರೆಯುವುದನ್ನು ನಿಲ್ಲಿಸುತ್ತೀರಿ. ಹಾಲನ್ನು ಕೆಚ್ಚಲಲ್ಲೇ ಬಿಡುತ್ತೀರಿ. ಅದೇ ಕೆಲಸವನ್ನು ಈದು ಎರಡು ತಿಂಗಳಾದ ಹಸುವಿಗೆ ದಿನಾ ಸ್ವಲ್ಪ ಸ್ವಲ್ಪ ಮಾಡುತ್ತಾ, ಹಾಲು ಇಳಿಯಿತು, ಟಾನಿಕ್ ಬರೆದುಕೊಡಿ ಎಂದರೆ ನಾನೇನು ಬರೆಯಲಿ?

ಇನ್ನು ಜಿಡ್ಡಿನ ವಿಷಯ. ಮಂಡ್ಯ ಕಡೆಯ ಒಂದು ಊರಿನಲ್ಲಿ ಒಬ್ಬ ಯುವಕನಿಗೆ ಡೇರಿ ಕಾರ್ಯದರ್ಶಿಯೊಡನೆ ಮಾತು ಬಿಟ್ಟುಹೋಗಿತ್ತು. ಅವನ ಹಾಲಿಗೆ ಬೆಳಿಗ್ಗೆ ಫ್ಯಾಟ್, ಅಂದರೆ ಜಿಡ್ಡು, ನೂರಕ್ಕೆ 3.0 ದಾಟುತ್ತಿರಲಿಲ್ಲ, 3.5 ಬಾರದಿದ್ದರೆ ದರ ಇಳಿಯುತ್ತದೆ. ಡೇರಿಯ ಜಿಡ್ಡು ಅಳೆಯುವ ಯಂತ್ರದಲ್ಲಿ ಮೋಸವಿದೆ ಎಂದು ಅವನ ವಾದ. ನಾನು ಬೆಳಗಿನ ಜಾವವೇ ಅವನ ಕೊಟ್ಟಿಗೆಗೆ ಹೋಗಿ ನಿಂತೆ. ಕರೆಯುತ್ತಿದ್ದುದು ಅವನ ತಾಯಿ. ಕೈ ಚೊಕ್ಕ, ಹಸುವಿಗೂ ಅವರ ಮೇಲೆ ಪ್ರೀತಿ. ನಾಲ್ಕೂವರೆ ಲೀಟರು ಆದದ್ದೇ ಎದ್ದು ಕರುವಿನ ಹಗ್ಗ ಬಿಚ್ಚಿದರು.

"ಅಮ್ಮಾ, ಇನ್ನೂ ಅರ್ಧ ಲೀಟರಾದರೂ ಇದೆಯಲ್ಲ?"

"ಇದೆ ಸ್ವಾಮಿ. ಮೊದಲ ಹಾಲು ನೀರು, ಕಡೆಯ ಹಾಲು ತುಪ್ಪ ಎಂದು ನಮ್ಮತ್ತೆ ಹೇಳುತ್ತಿದ್ದರು. ಅದಕ್ಕೇ ಕಡೆಯದನ್ನು ಕರುವಿಗೆ ಬಿಡುತ್ತೇನೆ. ಅದೂ ಒಂದು ಜೀವ ಅಲ್ಲವೇ?"

ಆ ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಮೊದಲ ಧಾರೆಯಲ್ಲಿ ಜಿಡ್ಡು ನೂರಕ್ಕೆ ಒಂದೆರಡು. ಜಿಡ್ಡಿನ ಕಣಗಳು ಗೂಡಿನಲ್ಲೇ ಅಂಟಿಕೊಂಡಿದ್ದು ಕೊನೆಗೆ ಇಳಿಯುವುದರಿಂದ ಕಡೆಯ ಹಾಲಿನಲ್ಲಿ ಅದು ಎಂಟು, ಹತ್ತರವರೆಗೂ ಇರುತ್ತದೆ. ಲೆಕ್ಕ ಹಾಕಿ: 3.0 ಜಿಡ್ಡಿನ ನಾಲ್ಕೂವರೆ ಲೀಟರಿಗೆ 8ರ ಜಿಡ್ಡಿನ ಅರ್ಧ ಲೀಟರು ಸೇರಿಸಿದರೆ ಐದು ಲೀಟರಿಗೂ 3.5 ಬರುತ್ತದೆ. ಮಗ ಡೇರಿಯಲ್ಲಿ ಜಗಳಕ್ಕೆ ನಿಂತಿದ್ದ ಜಿಡ್ಡನ್ನು ತಾಯಿ ಕೊಟ್ಟಿಗೆಯಲ್ಲಿ ಕರುವಿಗೆ ಕುಡಿಸುತ್ತಿದ್ದರು. ಕರು ಕುಡಿದು ಕೆಚ್ಚಲು ಬರಿದಾಗುತ್ತಿತ್ತಾದ್ದರಿಂದ ಈ ಮನೆಯಲ್ಲಿ ಹಾಲು ಬತ್ತುವ ಭಯವಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಕರುವಿನ ಪಾಲು ತಪ್ಪಿಸಿ ಎಂದು ಆ ತಾಯಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಲೂಬಾರದು. ಕರುವಿಗೆ ಮೊದಲೇ ಕುಡಿಸಿ, ಇಲ್ಲವೇ ಅಳೆದು ಬಕೆಟ್ಟಿನಲ್ಲಿ ಕೊಡಿ, ಕಡೆಯದು ಕ್ಯಾನಿಗೆ ಬರಲಿ ಎಂದು ಹೇಳಿ ಬಂದೆ.

ಪೂರ್ತಿ ಕರೆಯಿರಿ ಎಂದರೆ ತೊಟ್ಟು ಹಿಂಡಿ ಹಿಪ್ಪೆ ಮಾಡಿ ಎಂದಲ್ಲ. ಎಷ್ಟು ಚೆನ್ನಾಗಿ ಕರೆದರೂ ಒಂದಷ್ಟು ಒಳಗೆ ಉಳಿಯುವುದು ಸಹಜ. ಹಾಲು ನಿಂತ ಮೇಲೂ ಕರೆಯುವ ಯಂತ್ರ ಓಡುತ್ತಿದ್ದರೆ ತೊಟ್ಟಿನ ತುದಿ ಗಡುಸಾಗಿ ಕೆಚ್ಚಲು ಬಾವು ಬರಲು ದಾರಿಯಾಗುತ್ತದೆ. ಹೊಸದಾಗಿ ಈದ ಭಾರಿ ಹಾಲಿನ ಹಸುವಿಗೆ ಹಾಲುಜ್ವರದ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ಭಯವಿರುವುದರಿಂದ ಮೊದಲ ಒಂದೆರಡು ದಿನದ ಮಟ್ಟಿಗೆ ನಿಮ್ಮ ವೈದ್ಯರ ಮಾತು ಕೇಳಿ, ನನ್ನ ಅಂಕಣದ್ದಲ್ಲ. ಕೆಚ್ಚಲು ಬಿಸಿಯಾಗಿ ಹಾಲು ಗಡ್ಡೆ ಗಡ್ಡೆಯಾಗಿ ಬರುತ್ತಿದ್ದರಂತೂ ಇದನ್ನು ಮಡಚಿಟ್ಟು ಫೋನು ಮಾಡಿ.

ಕೆಚ್ಚಲು ತೊಳೆದು ತೊಟ್ಟು ಸವರಿದಾಗ ಹಸುವಿನ ಮೈಯಲ್ಲಿ ಹುಟ್ಟುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲನ್ನು ಕೆಳಗಿಳಿಸುತ್ತದೆ. ಅದರ ಕಸುವು ಐದಾರು ನಿಮಿಷ, ಹೆಚ್ಚೆಂದರೆ ಎಂಟು. ತೊಳೆದಿಟ್ಟು ಮೊಬೈಲಿನಲ್ಲಿ ಮಾತಾಡಿ ಬಂದರೆ ಆ ಹೊತ್ತು ಕಳೆದಿರುತ್ತದೆ. ಬೈದು ಹೊಡೆದರೆ ಹೆದರಿಕೆಗೆ ಹಸು ಹಾಲು ಏರಿಸಿಕೊಳ್ಳುತ್ತದೆ. ಆಗ ಕೆಲವರು ಆಕ್ಸಿಟೋಸಿನ್ ಸೂಜಿ ಹುಡುಕುತ್ತಾರೆ. ಹಾಲಿಗಾಗಿ ಹಾಗೆ ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ನನ್ನ ಹತ್ತಿರ ಕೇಳಬೇಡಿ.

ಮೂರನೆಯ ಸಲ? ದಿನಕ್ಕೆ 20 ಲೀಟರು ದಾಟಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿಯ) ಹಸುವಾದರೆ ನೂರಕ್ಕೆ ಹತ್ತು, ಹದಿನೈದರಷ್ಟು ಹಾಲು ಏರಬಹುದು. ಅಷ್ಟಕ್ಕೆ ಮೇವು, ಹಿಂಡಿ, ನೀರೂ ಏರಬೇಕು. ಇಲ್ಲದಿದ್ದರೆ ಹಸು ಮೈ ಇಳಿದು ಬೆದೆಗೆ ಬರುವುದು ತಡವಾಗುತ್ತದೆ. ಎಂಟು ಹತ್ತು ಲೀಟರಿನ ಹಸುವಿಗೆ ನಾನಂತೂ ಹೇಳುವುದಿಲ್ಲ. ಮಧ್ಯಾಹ್ನ ಡೇರಿ ಬಾಗಿಲು ಹಾಕಿರುತ್ತದೆ. ತಣ್ಣಗಿಡಲು ವ್ಯವಸ್ಥೆಯಿಲ್ಲದ ಆ ಹಾಲು ಸಂಜೆಯ ಹೊತ್ತಿಗೆ ಹುಳಿಯಾದೀತು.

ಮಂಡ್ಯ ಕಡೆಯ ಆ ಯುವಕ ಹತ್ತು ದಿನ ಬಿಟ್ಟು ಫೋನು ಮಾಡಿದ. ಬೆಳಗಿನ ಫ್ಯಾಟ್ 3.5 ಬಂದಿದೆ, ಸಂತೋಷ. "ಆದರೆ ಸಾರ್, ಸಂಜೆ 4.1 ಬರುತ್ತಿದೆ. ಅದೇ ಹಸು, ಅದೇ ಮೇವು. ಬೆಳಿಗ್ಗೆ ಆ ಕಾರ್ಯದರ್ಶಿ ಮೋಸ ಮಾಡುತ್ತಿರುವುದು ಈಗಲಾದರೂ ಗೊತ್ತಾಯಿತಲ್ಲ?" ಸಂಜೆ ಎಷ್ಟು ಗಂಟೆಗೆ ಕರೆಯುತ್ತೀರಿ ಎಂದೆ. ನಾಲ್ಕಕ್ಕಂತೆ, ಬೆಳಿಗ್ಗೆ ಆರಕ್ಕೆ. ಹಗಲು ಹತ್ತು ಗಂಟೆ, ರಾತ್ರಿ ಹದಿನಾಲ್ಕು. ಹೆಚ್ಚು ಹೊತ್ತು ನಿಂತಾಗ ಹಾಲು ಹೆಚ್ಚು, ಜಿಡ್ಡು ತೆಳು. ಕಡಿಮೆ ಹೊತ್ತಿನಲ್ಲಿ ಹಾಲು ಕಡಿಮೆ, ಜಿಡ್ಡು ದಪ್ಪ. ಇದನ್ನು ಎರಡು ಸಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡ. ಆಮೇಲೆ, "ಹಾಗಾದರೆ ಯಂತ್ರವನ್ನು ಒಂದು ಸಲ ಪರೀಕ್ಷೆ ಮಾಡಿಸೋಣವೇ ಸಾರ್?" ಎಂದ.