ರೋಸ್ಟರಿನ ತುದಿಯಲ್ಲಿರುವ ಹುಡುಗರು

ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್‌ನಲ್ಲಿ ಆಗಸ್ಟ್ ಕೊನೆ ಅಂದರೆ ಕೆಲಸ ಹೋಗುವ ಕಾಲ. ಶಿಬಿರದಲ್ಲಿ ತಂಡದ ರೋಸ್ಟರ್‌ನಲ್ಲಿ, ಅಂದರೆ ಆಟಗಾರರ ಪಟ್ಟಿಯಲ್ಲಿ, 90 ಜನರಿರುತ್ತಾರೆ. ಸೀಸನ್ ಶುರುವಾಗುವ ಮೊದಲು ಅದು 53ಕ್ಕೆ ಇಳಿಯಬೇಕು. ತಂಡಗಳು 32. ಹತ್ತಿರ ಹತ್ತಿರ 1,200 ಜನ ಹೊರಗೆ ಬೀಳುತ್ತಾರೆ. ಬಿಟ್ಟವರಲ್ಲಿ ಕೆಲವರನ್ನು ಮಾರನೇ ದಿನವೇ ಬೇರೆ ತಂಡಗಳು ಎತ್ತಿಕೊಳ್ಳುತ್ತವೆ. ಆಗ ಫಾರ್ಟಿನೈನರ್ಸ್ ತಂಡದ ತವರಾದ ಸಾಂತಾ ಕ್ಲಾರಾ ಕಡೆಯ ಕನ್ನಡದ ಗೆಳೆಯರಿಂದ ನನಗೆ ಮೆಸೇಜ್ ಬರುತ್ತದೆ. "ನಮ್ಮ ಫಾರ್ಟಿನೈನರ್ಸ್‌ನವರು ಯಾರೋ ಹೊಸ ಹುಡುಗನ್ನ ತಗೊಂಡಿದಾರಲ್ಲ, ಹೇಗೆ ಅವನು?"

ಆಟದ ವಿಡಿಯೊ ನೋಡಿ ಆಟಗಾರರ ಬಗ್ಗೆ ವರದಿ ಬರೆಯುವುದು ನನ್ನ ಕೆಲಸ. ಆದರೂ ಈ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಅವನು ಯಾವ ಬಾಗಿಲಿನಿಂದ ಬಂದ ಅಂತ ನೋಡುತ್ತೇನೆ.

ನಾಲ್ಕು ಸೀಸನ್ ಪೂರೈಸದ ಆಟಗಾರನನ್ನು ಆ ಹೊತ್ತಿನಲ್ಲಿ ಬಿಟ್ಟರೆ ಅವನು ವೇವರ್‌ಗೆ, ಅಂದರೆ ಬೇರೆ ತಂಡಗಳು ಕೇಳಿ ಪಡೆಯಬಹುದಾದವರ ಪಟ್ಟಿಗೆ, ಹೋಗುತ್ತಾನೆ. ಬೇಕು ಅನ್ನುವ ತಂಡ ಅರ್ಜಿ ಹಾಕಬೇಕು. ಸೀಸನ್ ಆರಂಭದಲ್ಲಿ, ಹಿಂದಿನ ವರ್ಷ ಕೆಳಗಿದ್ದ ತಂಡಕ್ಕೆ ಮೊದಲ ಹಕ್ಕು. ಅವನು ಸಿಕ್ಕರೆ ನೇರ 53ರ ಪಟ್ಟಿಗೇ ಸೇರಿಸಿಕೊಳ್ಳಬೇಕು. ಪಟ್ಟಿ ತುಂಬಿರುವಾಗ ಹಾಗೆ ಮಾಡಬೇಕಾದರೆ ಶಿಬಿರದ ಉದ್ದಕ್ಕೂ ತಾವೇ ಕಲಿಸಿದ ಒಬ್ಬನನ್ನು ಕಳಿಸಬೇಕು. ಇದು ಸಣ್ಣ ತೀರ್ಮಾನ ಅಲ್ಲ. 16 ಜನರ ಪ್ರಾಕ್ಟೀಸ್ ಸ್ಕ್ವಾಡ್‌ಗೆ, ಅಂದರೆ 53ರ ಹೊರಗೆ ಅಭ್ಯಾಸಕ್ಕಿರುವ ಗುಂಪಿಗೆ, ಸೇರಿಸಿಕೊಂಡರೆ ಕಥೆಯೇ ಬೇರೆ. ಅಲ್ಲಿ ಖರ್ಚು ಕಡಿಮೆ, ಸಂಕೋಚವೂ ಕಡಿಮೆ. ಬೇರೆ ತಂಡ ತನ್ನ 53ರಲ್ಲಿ ಜಾಗ ಕೊಡುವುದಾದರೆ ಅಲ್ಲಿಂದ ಅವನನ್ನು ಎಬ್ಬಿಸಿಕೊಂಡೂ ಹೋಗಬಹುದು.

ಹಳೆಯ ತಂಡ ಯಾಕೆ ಬಿಟ್ಟಿತು ಅನ್ನುವುದನ್ನೂ ನೋಡಬೇಕು. ಎಷ್ಟೋ ಸಲ ಅದು ಬರೀ ಜಾಗದ ಲೆಕ್ಕ. ಪಾಸ್ ಹಿಡಿಯುವ ಆರು ಒಳ್ಳೆಯ ರಿಸೀವರ್‌ಗಳಿರುವ ತಂಡದ ಏಳನೆಯವನು ಇನ್ನೊಂದು ಕಡೆ ನಾಲ್ಕನೆಯವನಾಗಬಹುದು. ವಯಸ್ಸೂ ಅಷ್ಟೇ. 2020ರ ಕೋವಿಡ್ ಕಾರಣಕ್ಕೆ ಕಾಲೇಜು ಆಟಗಾರರಿಗೆ ಒಂದು ವರ್ಷ ಜಾಸ್ತಿ ಸಿಕ್ಕಿತು. ಹಾಗಾಗಿ ನಂತರದ ವರ್ಷಗಳಲ್ಲಿ "ಹೊಸ ಹುಡುಗ" ಅಂತ ಬಂದ ಕೆಲವರಿಗೆ ಆಗಲೇ 24 ದಾಟಿತ್ತು. 21ರವನಿಗೆ ಇರುವಷ್ಟು ಬೆಳೆಯುವ ಜಾಗ ಅವರಿಗೆ ಇರಲ್ಲ.

ಇನ್ನು ಭಾನುವಾರದ ಲೆಕ್ಕ. 53ರಲ್ಲಿ ಪಂದ್ಯದ ದಿನ ಸಾಮಾನ್ಯವಾಗಿ 48 ಜನ ಕಣಕ್ಕಿಳಿಯಬಹುದು. ದಾಳಿಗೆ 11, ರಕ್ಷಣೆಗೆ 11, ಕಿಕ್ ಮಾಡುವ ಕೆಲಸಗಳಿಗೆ ಮೂವರು. ಉಳಿದವರಲ್ಲಿ ಹೆಚ್ಚಿನವರು ಅವತ್ತಿನ ಊಟ ಸಂಪಾದಿಸುವುದು ಸ್ಪೆಷಲ್ ಟೀಮ್ಸ್‌ನಲ್ಲಿ, ಅಂದರೆ ಕಿಕ್‌ಆಫ್, ಪಂಟ್‌ಗಳಲ್ಲಿ ಒದ್ದ ಚೆಂಡಿನ ಹಿಂದೆ ಓಡುವುದರಲ್ಲಿ. ನಾಲ್ಕನೇ ಸೇಫ್ಟಿಯ (ರಕ್ಷಣೆಯಲ್ಲಿ ಹಿಂದೆ ನಿಲ್ಲುವ ಆಟಗಾರ) ವರದಿ ಬರೆಯುವಾಗ ನಾನು ಮೊದಲು ನೋಡುವುದು ಪಂಟ್ ವಿಡಿಯೊ. ಅಂಚಿನಲ್ಲಿ ಇಬ್ಬರು ತಡೆದರೂ ಬಿಡಿಸಿಕೊಂಡು ಓಡುತ್ತಾನಾ? ಚೆಂಡು ಹಿಡಿಯುವವನ ಎದುರು ಹೋಗಿ ವೇಗ ತಗ್ಗಿಸುತ್ತಾನಾ, ಅಥವಾ ಸುಮ್ನೆ ದಾಟಿ ಹೋಗಿಬಿಡ್ತಾನಾ? ಮ್ಯಾಥ್ಯೂ ಸ್ಲೇಟರ್ 2008ರ ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವುದು) ಐದನೇ ಸುತ್ತಿನಲ್ಲಿ ಪೇಟ್ರಿಯಟ್ಸ್‌ಗೆ ಬಂದರು. ಕಾಗದದ ಮೇಲೆ ರಿಸೀವರ್. ಈ ಓಟದ ಕೆಲಸದಿಂದಲೇ ಅವರು 10 ಸಲ ಪ್ರೊ ಬೌಲ್‌ಗೆ, ಅಂದರೆ ವರ್ಷದ ಅತ್ಯುತ್ತಮರ ತಂಡಕ್ಕೆ, ಆಯ್ಕೆಯಾದರು.

ದಾಳಿಯ ಮುಂಚೂಣಿಯಲ್ಲಿ ಎದುರಾಳಿಗಳನ್ನು ತಡೆಯುವ ಲೈನ್‌ಮನ್‌ಗಳಿಗೆ ಬೇರೆ ಅಳತೆ. ಪಂದ್ಯಕ್ಕೆ ಸಾಮಾನ್ಯವಾಗಿ ಎಂಟೇ ಜನ, ಐವರು ಆಡುವವರು. ಉಳಿದ ಮೂವರು ಐದು ಜಾಗ ಕಾಯಬೇಕು. ಬರೀ ಎಡಗಡೆ ಟ್ಯಾಕಲ್ (ಸಾಲಿನ ತುದಿಯ ಜಾಗ) ಆಡಬಲ್ಲವನಿಗಿಂತ ಎರಡೂ ಕಡೆ ಸುಮಾರಾಗಿ ಆಡುವವನು ಕೋಚ್‌ಗೆ ಇಷ್ಟ. ಸಾಲಿನ ನಡುವಿನ ಸೆಂಟರ್, ಅದರ ಪಕ್ಕದ ಗಾರ್ಡ್ ಎರಡೂ ಬಂದರೆ ಇನ್ನೂ ಇಷ್ಟ.

ಇಷ್ಟಾದ ಮೇಲೆ ವಿಡಿಯೊ. ಇಲ್ಲಿ ಅಭಿಮಾನಿಗಳು ಒಳ್ಳೆಯ ಆಟವನ್ನು ಎಣಿಸುತ್ತಾರೆ. ನಾನು ತಪ್ಪನ್ನು ಎಣಿಸುತ್ತೇನೆ. ಎಷ್ಟು ತಪ್ಪು ಅಂತಲ್ಲ, ಅದೇ ತಪ್ಪು ಮತ್ತೆ ಬಂತಾ ಅಂತ. ಟ್ಯಾಕಲ್ ಒಬ್ಬ ಹೊರಗಿನ ಓಟ ತಡೆಯಲು ಬೇಗ ಹಿಂದೆ ಸರಿದ, ಎದುರಾಳಿ ಒಳಗಿನಿಂದ ನುಗ್ಗಿದ. ಇದು ಎಲ್ಲರಿಗೂ ಆಗುತ್ತದೆ. ಮುಂದಿನ ವಾರ ಅದೇ ಚಲನೆ ಎದುರಾದಾಗ ಅವನ ಒಳಗಿನ ಕಾಲು ಎಲ್ಲಿರುತ್ತದೆ? ನನಗೆ ಬೇಕಾದ ಉತ್ತರ ಅಲ್ಲಿದೆ.

ಮಾಲ್ಕಮ್ ಬಟ್ಲರ್ ಕಥೆ ಗೊತ್ತಿರಬಹುದು. 2014ರಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳದ ವೆಸ್ಟ್ ಅಲಬಾಮಾದ ಹುಡುಗ. 2015ರ ಫೆಬ್ರುವರಿ 1ರ ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಕೊನೆಯಲ್ಲಿ ಸಿಯಾಟಲ್ ಟಚ್‌ಡೌನ್ ಗೆರೆಯಿಂದ ಒಂದು ಗಜದ ದೂರದಲ್ಲಿತ್ತು. ಬಟ್ಲರ್ ಪಾಸ್ ಕಸಿದುಕೊಂಡು ಪೇಟ್ರಿಯಟ್ಸ್‌ಗೆ 28-24ರ ಗೆಲುವು ಉಳಿಸಿದರು. ಎಲ್ಲರೂ ಆ ಒಂದು ಕ್ಷಣ ನೋಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ, ಅದಕ್ಕೆ ಮೊದಲು ಅಭ್ಯಾಸದಲ್ಲಿ ಅದೇ ಆಟದ ಎದುರು ಬಟ್ಲರ್ ಸೋತು ಟಚ್‌ಡೌನ್ ಬಿಟ್ಟುಕೊಟ್ಟಿದ್ದರು ಅನ್ನುವುದು. ಎರಡನೇ ಸಲ ರಿಸೀವರ್ ತಲುಪುವ ಮೊದಲೇ ಜಾಗಕ್ಕೆ ನುಗ್ಗಿದರು.

ಮ್ಯಾಟ್ ಫ್ಲಿನ್ ಇದರ ಉಲ್ಟಾ. ಗ್ರೀನ್ ಬೇಯಲ್ಲಿ ಆರನ್ ರಾಡ್ಜರ್ಸ್ ಹಿಂದೆ ಬದಲಿಯಾಗಿ ಕೂತಿದ್ದ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವವನು. 2012ರ ಜನವರಿ 1ರಂದು ಡೆಟ್ರಾಯ್ಟ್ ವಿರುದ್ಧ ಅವಕಾಶ ಸಿಕ್ಕಿತು. 480 ಗಜ, ಆರು ಟಚ್‌ಡೌನ್. ಕೆಲವೇ ತಿಂಗಳಲ್ಲಿ ಸಿಯಾಟಲ್ ಕರೆದು ದೊಡ್ಡ ಒಪ್ಪಂದ ಕೊಟ್ಟಿತು. ಆದರೆ ಅದೇ ವರ್ಷ ಮೂರನೇ ಸುತ್ತಿನಲ್ಲಿ ಬಂದ ರಸೆಲ್ ವಿಲ್ಸನ್ ಆ ಕುರ್ಚಿ ಹಿಡಿದರು. ಒಂದು ಪಂದ್ಯದಲ್ಲಿ ಯಾವ ತಪ್ಪು ಮರುಕಳಿಸುತ್ತದೆ ಅಂತ ನೋಡಲು ಜಾಗವೇ ಇರುವುದಿಲ್ಲ ಅಲ್ವಾ? ಸೀಸನ್‌ಗೆ ಮುಂಚಿನ ಪಂದ್ಯಗಳಲ್ಲಂತೂ ಇದು ಇನ್ನೂ ಜಾಸ್ತಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಎದುರಿಗಿರುವವನೇ ಮುಂದಿನ ವಾರ ಮನೆಗೆ ಹೋಗುವವನಿರುತ್ತಾನೆ. ಅದಕ್ಕೇ ಎದುರಾಳಿಯ ಜೆರ್ಸಿ ನಂಬರನ್ನೂ ಬರೆದಿಟ್ಟುಕೊಳ್ಳುತ್ತೇನೆ. ಸೋಲಿಸಿದ್ದು ಯಾರನ್ನು ಅಂತ ಗೊತ್ತಿಲ್ಲದೆ ಬರೆದ ವರದಿಗೆ ಬೆಲೆ ಇಲ್ಲ.

ಕೆಲವರಿಗೆ ಮಾತ್ರ ಈ ಯಾವ ಅಳತೆಯೂ ಕೂಡಲೇ ಹೊಂದುವುದಿಲ್ಲ. ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ. 2018ರಲ್ಲಿ ಈಗಲ್ಸ್ ಅವರನ್ನು ಏಳನೇ ಸುತ್ತಿನಲ್ಲಿ ತೆಗೆದುಕೊಂಡಾಗ ಅವರು ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. 6 ಅಡಿ 8 ಅಂಗುಲದ ಎತ್ತರ, ಆ ಗಾತ್ರದವರಿಗೆ ಇರಬಾರದಷ್ಟು ಹಗುರ ಕಾಲು. ಬೆನ್ನುನೋವೂ ಕಾಡಿತು. ಎರಡು ಸೀಸನ್ ಒಂದೂ ಅಧಿಕೃತ ಪಂದ್ಯ ಇಲ್ಲ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಹೆಜ್ಜೆ ಹೆಜ್ಜೆಯಾಗಿ ತಿದ್ದಿದರು. 2020ರಲ್ಲಿ ಆಡಲು ಇಳಿದ ಮೈಲಾಟಾ ಮರುವರ್ಷ ನಾಲ್ಕು ವರ್ಷಕ್ಕೆ 64 ಮಿಲಿಯನ್ ಡಾಲರ್ ಒಪ್ಪಂದ ಪಡೆದರು. ಎರಡು ವರ್ಷ ಖಾಲಿ ಕೂರಿಸಲು ತಾಳ್ಮೆ ಇರುವ ತಂಡ, ಕಲಿಸುವ ಕೋಚ್ ಇಬ್ಬರೂ ಇರಬೇಕು. ಎಲ್ಲ ಉದ್ದನೆಯ ಹುಡುಗರಿಗೂ ಮೈಲಾಟಾ ಹೆಸರು ಅಂಟಿಸುವವರು ಇದನ್ನು ಮರೆಯುತ್ತಾರೆ.

ಹೀಗಾಗಿ ವೇವರ್‌ನಿಂದ ಬಂದ ಹುಡುಗನ ಬಗ್ಗೆ ಮೊದಲ ಮೂರು ವಾರ ನಾನು ಏನೂ ಬರೆಯುವುದಿಲ್ಲ. ಹೊಸ ಆಟದ ಪುಸ್ತಕ, ಹೊಸ ಸಂಕೇತ ಕಲಿಯಲು ಅಷ್ಟಾದರೂ ಬೇಕು. ನೀವು ಮನೆಯಲ್ಲೇ ನೋಡುವುದಾದರೆ ಪಂದ್ಯಕ್ಕೆ 90 ನಿಮಿಷ ಮೊದಲು ಬರುವ, ಅವತ್ತು ಆಡದವರ ಪಟ್ಟಿ ನೋಡಿ. ಸೋಮವಾರ ಸ್ನ್ಯಾಪ್ ಲೆಕ್ಕದಲ್ಲಿ (ಯಾರು ಎಷ್ಟು ಸಲ ಕಣದಲ್ಲಿದ್ದರು ಅನ್ನುವ ಲೆಕ್ಕ) ಸ್ಪೆಷಲ್ ಟೀಮ್ಸ್ ಕಾಲಂ ನೋಡಿ. ಎರಡು ಇದ್ದದ್ದು ಎಂಟಾಗಿ, ಆಮೇಲೆ ಹದಿನೈದಾದರೆ ಕೋಚ್ ನಂಬಲು ಶುರು ಮಾಡಿದ್ದಾರೆ. ಐದನೇ ವಾರವೂ ಗಾಯವಿಲ್ಲದೆ ಆಡದವರ ಪಟ್ಟಿಯಲ್ಲೇ ಇದ್ದರೆ, ಅವನ ಹೆಸರಿನ ಎದುರು "ಮುಂದಿನ ವರ್ಷ ನೋಡೋಣ" ಅಂತ ಬರೆದು ಬೇರೆಯವನ ವಿಡಿಯೊ ಹಾಕುತ್ತೇನೆ.