ನರ್ಸಿಂಗ್ ಕಲಿಕೆಯಲ್ಲಿ ಅಗೌರವದ ನಡವಳಿಕೆ: ವಾರ್ಡ್ ಪೋಸ್ಟಿಂಗ್‌ನಲ್ಲಿರುವವರಿಗೆ ಒಂದು ಅಧ್ಯಯನ ಟಿಪ್ಪಣಿ

ಈ ವಿಷಯ ಎತ್ತಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರ‍್ಯಾಗಿಂಗ್. ರ‍್ಯಾಗಿಂಗ್ ತಡೆಗೆ 2009ರ ಯುಜಿಸಿ ನಿಯಮಾವಳಿಯಿದೆ, ಕಾಲೇಜಿನಲ್ಲಿ ಸಮಿತಿಯಿದೆ, 1800-180-5522 ಎಂಬ ಸಹಾಯವಾಣಿಯೂ ಇದೆ. ಆದರೆ ಆ ನಿಯಮಾವಳಿ ಹೇಳುವುದು ವಿದ್ಯಾರ್ಥಿಯೊಬ್ಬ ಇನ್ನೊಬ್ಬ ವಿದ್ಯಾರ್ಥಿಯ ಜೊತೆ ನಡೆದುಕೊಳ್ಳುವ ರೀತಿಯ ಬಗ್ಗೆ. ರಾಯಚೂರಿನಲ್ಲಿ ಬಿಎಸ್ಸಿ ನರ್ಸಿಂಗನ್ನೋ ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಕೋರ್ಸನ್ನೋ ಓದುತ್ತಿರುವ ನಮ್ಮ ಕಲಿಕೆಯ ದೊಡ್ಡ ಪಾಲು ನಡೆಯುವುದು ವಾರ್ಡಿನಲ್ಲಿ. ಅಲ್ಲಿ ಇನ್‌ಚಾರ್ಜ್ ಸಿಸ್ಟರ್, ಸ್ಟಾಫ್ ನರ್ಸ್, ಹೌಸ್ ಸರ್ಜನ್, ರೋಗಿಯ ಕಡೆಯವರು ಎಲ್ಲರ ಮಾತನ್ನೂ ಕೇಳಿಸಿಕೊಂಡೇ ಕೆಲಸ ಕಲಿಯಬೇಕು. ಅಲ್ಲಿ ಆಗುವ ಸಣ್ಣಪುಟ್ಟ ಅವಮಾನಗಳು ಯಾವ ದೂರುಪತ್ರದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಈ ಟಿಪ್ಪಣಿ ಇರುವುದು ಅಂಥವುಗಳನ್ನು ಕುರಿತು.

ಕೆಲಸದ ಸ್ಥಳದ ಅಗೌರವವನ್ನು ಸಂಶೋಧಕಿಯರಾದ ಲಿನ್ ಆಂಡರ್ಸನ್ ಮತ್ತು ಕ್ರಿಸ್ಟೀನ್ ಪಿಯರ್ಸನ್ 1999ರಲ್ಲಿ ಮೂರು ಗುರುತುಗಳಿಂದ ವಿವರಿಸಿದರು. ಅದರ ತೀವ್ರತೆ ಕಡಿಮೆ, ಅದು ಪರಸ್ಪರ ಗೌರವದ ರೂಢಿಯನ್ನು ಮುರಿಯುತ್ತದೆ, ಮತ್ತು ನೋಯಿಸುವ ಉದ್ದೇಶ ಇತ್ತೋ ಇಲ್ಲವೋ ಎಂಬುದು ಸ್ಪಷ್ಟವಿರುವುದಿಲ್ಲ. ಈ ಮೂರನೆಯ ಗುರುತೇ ತಲೆನೋವಿನದು. ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ ತಡವಾಗಿ ತರಗತಿಗೆ ಬಂದರೆ ಉಪನ್ಯಾಸಕರಿಗೆ ಅದು ಉಡಾಫೆಯಾಗಿ ಕಾಣಬಹುದು. ಅವರು ಎಲ್ಲರೆದುರು ‘ಮಹಾರಾಣಿ ಬಂದ್ರು’ ಎಂದರೆ ಅವಳಿಗೆ ಅದು ಬೇಕೆಂದೇ ಮಾಡಿದ ಅವಮಾನವಾಗಿ ಕಾಣುತ್ತದೆ. ಇಬ್ಬರೂ ಎದುರಿನವರ ಉದ್ದೇಶವನ್ನು ತಾವೇ ಊಹಿಸಿಕೊಳ್ಳುತ್ತಾರೆ, ಮರುದಿನ ಆ ಊಹೆಯ ಮೇಲೆಯೇ ನಡೆದುಕೊಳ್ಳುತ್ತಾರೆ. ಏಟಿಗೆ ಎದುರೇಟು ಎಂಬಂತೆ ಇದು ಬೆಳೆಯುತ್ತದೆ ಎಂಬುದೇ ಆ ಇಬ್ಬರು ಸಂಶೋಧಕಿಯರ ಮುಖ್ಯ ಮಾತು. ನರ್ಸಿಂಗ್ ಶಿಕ್ಷಣದಲ್ಲಿ ಇದನ್ನೇ ಬಹುಕಾಲ ಅಧ್ಯಯನ ಮಾಡಿದ ಅಮೆರಿಕದ ಸಿಂಥಿಯಾ ಕ್ಲಾರ್ಕ್, ಹಾಗೆಯೇ ಬಿಟ್ಟರೆ ಇದು ಬೆದರಿಕೆಯ ಮಟ್ಟಕ್ಕೂ ಹೋಗಬಹುದು ಎಂದು ತಮ್ಮ ವ್ಯಾಖ್ಯೆಯಲ್ಲಿಯೇ ಸೇರಿಸಿದ್ದಾರೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬಿಗಿ ಇರುವುದು ಅಗೌರವವಲ್ಲ. ಕೈ ತೊಳೆಯದೆ ಡ್ರೆಸ್ಸಿಂಗ್ ಟ್ರೇ ಮುಟ್ಟಿದವರನ್ನು ತಡೆದು, ಮತ್ತೆ ಮೊದಲಿನಿಂದ ಮಾಡಿಸುವ ಸಿಸ್ಟರ್ ತನ್ನ ಕೆಲಸ ಮಾಡುತ್ತಿದ್ದಾರೆ. ಮುಖ ಗಂಟಿಕ್ಕಿಕೊಂಡು ಮಾಡಿಸಿದರೂ ಅದು ಪಾಠವೇ. ಹಾಗೆಯೇ, ಮಾತು ಮಾತಿಗೆ ‘ಸರ್’, ‘ಮೇಡಂ’ ಎನ್ನುವುದರಿಂದ ಗೌರವ ಇದೆಯೆಂದೂ ಅಲ್ಲ. ನನ್ನ ಮಟ್ಟಿಗೆ ಒರೆಗಲ್ಲು ಒಂದೇ: ಈ ಮಾತು ಕೇಳಿದ ಕಿರಿಯಳು ನಾಳೆ ಮತ್ತೆ ಪ್ರಶ್ನೆ ಕೇಳುತ್ತಾಳೆಯೇ?

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಪೊಟ್ಯಾಸಿಯಂ ಕ್ಲೋರೈಡ್‌ನ 10 ಎಂ.ಎಲ್. ಆಂಪೂಲ್ ಹಿಡಿದು ವಿದ್ಯಾರ್ಥಿನಿಯೊಬ್ಬಳು, ‘ಸಿಸ್ಟರ್, ಇದನ್ನ ಎಷ್ಟರಾಗ ಬೆರಸಬೇಕ್ರಿ?’ ಎಂದು ಕೇಳುತ್ತಾಳೆ. ಉತ್ತರ: ‘ಇಷ್ಟೂ ಗೊತ್ತಿಲ್ಲೇನು, ನಿನಗ ಸೀಟ್ ಕೊಟ್ಟವರ‍್ಯಾರು?’ ಪಕ್ಕದ ಹಾಸಿಗೆಯವರು ನಗುತ್ತಾರೆ. ಈ ಔಷಧವನ್ನು ದ್ರವದಲ್ಲಿ ಬೆರೆಸಿ ನಿಧಾನವಾಗಿಯೇ ಹರಿಸಬೇಕು. ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲಬಹುದು. ಆ ಹುಡುಗಿ ಕೇಳಿದ್ದು ಕೇಳಲೇಬೇಕಾದ ಪ್ರಶ್ನೆ. ಮುಂದಿನ ಸಲ ಅವಳು ಕೇಳದೆ ಹೋದರೆ ಅದರ ಬೆಲೆ ತೆರುವವನು ರೋಗಿ.

ಇದು ಬರೀ ಊಹೆಯಲ್ಲ. ಆರಿಯೆ ರಿಸ್ಕಿನ್ ಮತ್ತು ಸಂಗಡಿಗರು ಇಸ್ರೇಲಿನಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳಿಗೆ ಒಂದು ತರಬೇತಿ ಅಣಕು ಪ್ರಸಂಗ ಕೊಟ್ಟು, 2015ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕರುಳಿನ ಸ್ಥಿತಿ ಹಠಾತ್ತಾಗಿ ಕೆಡುತ್ತದೆ. ತಂಡ ಅದನ್ನು ಗುರುತಿಸಿ ಚಿಕಿತ್ಸೆ ಕೊಡಬೇಕು. ಕೆಲವು ತಂಡಗಳಿಗೆ ಹೊರಗಿನ ಪರಿಣತನೊಬ್ಬ ಅವರ ಕೆಲಸಕ್ಕೆ ಸಂಬಂಧವೇ ಇಲ್ಲದ ಸಣ್ಣ ಕೊಂಕು ಮಾತು ಆಡಿದ. ಆ ತಂಡಗಳು ರೋಗ ಗುರುತಿಸುವುದರಲ್ಲೂ ಕೈಕೆಲಸದಲ್ಲೂ ಹಿಂದೆ ಬಿದ್ದವು. ಕಾರಣ ನಮ್ಮ ಪಾಲಿಗೆ ಇನ್ನೂ ಮುಖ್ಯ: ಅವರು ಒಬ್ಬರಿಗೊಬ್ಬರು ಮಾಹಿತಿ ಹೇಳುವುದು ಕಡಿಮೆಯಾಗಿತ್ತು, ನೆರವು ಕೇಳುವುದೂ ಕಡಿಮೆಯಾಗಿತ್ತು. ಪಳಗಿದವರ ಸ್ಥಿತಿಯೇ ಹೀಗಾದರೆ ಮೊದಲ ವರ್ಷದವರ ಪಾಡೇನು?

ನಮ್ಮ ಭಾಗಕ್ಕೆ ಹತ್ತಿರದ ಇನ್ನೊಂದು ಬಗೆಯಿದೆ. ಹನ್ನೆರಡರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ, ದೇವದುರ್ಗದ ಕಡೆಯ ಅಜ್ಜಿಯ ಪಕ್ಕ ಕೂತು, ಹೊಟ್ಟೆನೋವು ಯಾವಾಗ ಶುರುವಾಯಿತು, ಉಂಡ ಮೇಲೆ ಹೆಚ್ಚುತ್ತದೋ ಕಡಿಮೆಯಾಗುತ್ತದೋ, ನಡುವೆ ನಾಟಿ ಔಷಧ ಏನಾದರೂ ಕುಡಿದಿದ್ದಳೋ ಎಂಬುದನ್ನೆಲ್ಲ ಚೊಕ್ಕಟವಾಗಿ ತಿಳಿದುಕೊಂಡಿರುತ್ತಾನೆ. ಕೇಸ್ ಪ್ರೆಸೆಂಟೇಶನ್‌ನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ತಡವರಿಸುತ್ತಾನೆ, ಹಿಂದಿನ ಸಾಲಿನವರು ಕಿಸಕ್ಕೆಂದು ನಗುತ್ತಾರೆ. ನಕ್ಕವರು ಉಪನ್ಯಾಸಕರಲ್ಲ, ನಾವೇ. ಅವನಿಗೆ ಮಾತ್ರ ಗೊತ್ತಿದ್ದ ನಾಟಿ ಔಷಧದ ಸಂಗತಿ ಅಲ್ಲಿಗೆ ಬಿಟ್ಟುಹೋಗುತ್ತದೆ.

ವಿದ್ಯಾರ್ಥಿಗಳ ಕಡೆಯಿಂದ ಆಗುವುದೂ ಸಣ್ಣದಲ್ಲ: ಪಾಠದ ನಡುವೆ ಮೊಬೈಲ್, ಪ್ರಾಕ್ಸಿ ಹಾಜರಿ, ಕ್ಲಾಸ್ ಗ್ರೂಪಿನಲ್ಲಿ ಮೇಡಂ ಫೋಟೊಕ್ಕೆ ಬರೆದ ಗೇಲಿ, ಇಂಟರ್ನಲ್ ಮಾರ್ಕ್ಸ್ ವಿಷಯಕ್ಕೆ ಏರುದನಿ. ಕ್ಲಾರ್ಕ್ ಇದನ್ನು ಇಬ್ಬರೂ ಹೆಜ್ಜೆ ಹಾಕುವ ಕುಣಿತವೆಂದು ಕರೆದು, ಎರಡೂ ಕಡೆಯ ಒತ್ತಡವೇ ಅದಕ್ಕೆ ತಾಳ ಎಂಬ ಅರ್ಥದಲ್ಲಿ ವಿವರಿಸುತ್ತಾರೆ.

ಇನ್ನು ಏನು ಮಾಡಬಹುದು ಎಂಬುದು. ಮಾರ್ತಾ ಗ್ರಿಫಿನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸಕ್ಕೆ ಹೊಸದಾಗಿ ಸೇರಿದ 26 ನರ್ಸ್‌ಗಳಿಗೆ ಇಂಥ ಸಂದರ್ಭಗಳ ಬಗ್ಗೆ ಪಾಠ ಮಾಡಿ, ಆಡಬೇಕಾದ ಮಾತುಗಳನ್ನು ಮೊದಲೇ ರೂಢಿ ಮಾಡಿಸಿ, ಅವನ್ನು ಬರೆದ ಸಣ್ಣ ಕಾರ್ಡ್‌ಗಳನ್ನು ಕೊಡಲಾಗಿತ್ತು. ಇದರ ಬಲ ಇರುವುದು ತಾಲೀಮಿನಲ್ಲಿ. ಅವಮಾನವಾದ ಗಳಿಗೆಯಲ್ಲಿ ಮಾತು ಹುಡುಕಲು ಹೊರಟರೆ ಅಳು ಬರುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ. ಪೊಟ್ಯಾಸಿಯಂ ಆಂಪೂಲಿನ ಆ ಸಂದರ್ಭಕ್ಕೆ, ‘ತಿಳಿಲಾರದಕ್ಕ ಕೇಳಿದೆ ಸಿಸ್ಟರ್, ಔಷಧ ತಪ್ಪಬಾರದು, ಒಮ್ಮೆ ನೋಡ್ರಿ’ ಎಂಬಷ್ಟು ಸಾಕು. ಹಾಸ್ಟೆಲ್ಲಿನಲ್ಲಿ ಇಬ್ಬರು ಎದುರುಬದುರು ನಿಂತು ನಾಲ್ಕಾರು ಸಲ ಜೋರಾಗಿ ಹೇಳಿ ನೋಡಿ. ನಗು ಬರುತ್ತದೆ, ಬರಲಿ. ರೋಗಿಗೆ ಅಪಾಯವಿದ್ದಾಗ ದನಿಯೇರಿಸುವುದಕ್ಕೆ ಆಸ್ಪತ್ರೆಯ ತಂಡಗಳಿಗಾಗಿ ಇರುವ ಅಮೆರಿಕದ ಟೀಮ್‌ಸ್ಟೆಪ್ಸ್ ತರಬೇತಿ ಮೂರು ಮೆಟ್ಟಿಲು ಕೊಡುತ್ತದೆ: ಚಿಂತೆ, ಅಳುಕು, ಸುರಕ್ಷತೆ. ನಮ್ಮ ಮಾತಿನಲ್ಲಿ ಅದು ‘ನನಗ ಚಿಂತಿ ಆಗಾಕತ್ತೈತ್ರಿ’, ‘ಹಿಂಗ ಕೊಡಾಕ ಧೈರ್ಯ ಬರವಲ್ದ್ರಿ’, ‘ಇದು ಪೇಷೆಂಟ್ ಜೀವದ ವಿಷಯ ಐತ್ರಿ’ ಎಂದಾಗುತ್ತದೆ. ಮೂರನೆಯದಕ್ಕೂ ಉತ್ತರ ಬಾರದಿದ್ದರೆ ಕೈ ತಡೆದು ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗೆ ಹೇಳಬೇಕು.

ಒಮ್ಮೆ ಆದದ್ದನ್ನು ಬಿಡಬಹುದು. ಅದೇ ಮತ್ತೆ ಮತ್ತೆ ಆದರೆ ಬರೆದಿಡಬೇಕು: ದಿನಾಂಕ, ಯಾವ ವಾರ್ಡ್, ಯಾವ ಶಿಫ್ಟ್, ಆಡಿದ ಮಾತು ಆಡಿದ ಹಾಗೆಯೇ, ಹತ್ತಿರ ಯಾರಿದ್ದರು, ಆ ಮೇಲೆ ಯಾವ ಕೆಲಸ ಕೆಟ್ಟಿತು. ‘ಅವರು ಬಹಳ ಕೆಟ್ಟವರು’ ಎಂಬ ವಾಕ್ಯ ಅದರಲ್ಲಿ ಬೇಡ. ಆ ಹಾಳೆ ಮೊದಲು ಕ್ಲಾಸ್ ಕೋಆರ್ಡಿನೇಟರ್ ಕೈಗೆ, ಅಲ್ಲಿ ಆಗದಿದ್ದರೆ ಪ್ರಾಂಶುಪಾಲರ ಕೈಗೆ ಹೋಗಬೇಕು; ಲೈಂಗಿಕ ಕಿರುಕುಳದ ಲಕ್ಷಣವಿದ್ದರೆ ಈ ದಾರಿ ಬಿಟ್ಟು ನೇರವಾಗಿ ಸಂಸ್ಥೆಯ ಆಂತರಿಕ ದೂರು ಸಮಿತಿಗೆ ಕೊಡಬೇಕು. ಕೊಟ್ಟ ಪ್ರತಿಯ ಮೇಲೆ ತಲುಪಿದ ದಿನಾಂಕ ಮತ್ತು ಸಹಿ ಹಾಕಿಸಿಕೊಂಡು ಒಂದು ಜೆರಾಕ್ಸ್ ಇಟ್ಟುಕೊಳ್ಳಿ.